ನಾಯಿಮರಿಗೆ ಹಾಲು-ಅನ್ನ ಸಾಕೇ?



ಮಕ್ಕಳ ಹಟ, ಯಜಮಾನರ ಉತ್ಸಾಹ ಎರಡೂ ಸೇರಿ ಮನೆಗೆ ನಾಯಿಮರಿ ಬರುತ್ತದೆ. ಮೊದಲ ವಾರ ಎಲ್ಲರೂ ಎತ್ತಿ ಆಡಿಸುವವರೇ. ಆಮೇಲೆ ಹೊತ್ತುಹೊತ್ತಿಗೆ ಅದರ ತಟ್ಟೆ ತುಂಬಿಸುವ ಕೆಲಸ ಯಾರ ಪಾಲಿಗೆ ಬೀಳುತ್ತೆ ಅಂತ ನಿಮಗೆ ನಾನು ಹೇಳಬೇಕೆ?

ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮನೆಯ ನಾಲ್ಕು ತಿಂಗಳ ಮರಿ ಹಾಲು-ಅನ್ನ ತಿಂದು ಗುಂಡಗೆ ಬೆಳೆದಿದೆ. ಆದರೆ ಮುಂಗಾಲು ಎರಡೂ ಬಿಲ್ಲಿನ ಹಾಗೆ ಬಾಗುತ್ತಿವೆಯಂತೆ. "ಬಿಸಿಲಿಗೆ ಬಿಡಿ, ಸರಿಹೋಗುತ್ತೆ" ಎನ್ನುತ್ತಾರೆ ಅಕ್ಕಪಕ್ಕದವರು. "ನಾಯಿಗೂ ದುಡ್ಡು ಕೊಟ್ಟು ಊಟ ತರೋದೇ?" ಎನ್ನುತ್ತಾರೆ ಅತ್ತೆಯವರು.

ಮೊದಲು ಬಿಸಿಲಿನ ಮಾತು. ನಮ್ಮ ಮೈಗೆ ಬಿಸಿಲು ಬಿದ್ದರೆ ಚರ್ಮದಲ್ಲಿ ಡಿ ಜೀವಸತ್ವ ತಯಾರಾಗುತ್ತದೆ. ನಾಯಿಯ ಚರ್ಮಕ್ಕೆ ಅದನ್ನು ಸಾಕಷ್ಟು ತಯಾರಿಸುವ ಶಕ್ತಿಯಿಲ್ಲ, ಊಟದಲ್ಲೇ ಸಿಗಬೇಕು. ಮರಿಯ ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಮತ್ತು ರಂಜಕ ಎರಡೂ ಬೇಕು, ಅದೂ ಲೆಕ್ಕವಾಗಿ. ಒಂದು ಪಾಲು ರಂಜಕಕ್ಕೆ ಒಂದರಿಂದ ಎರಡು ಪಾಲು ಕ್ಯಾಲ್ಸಿಯಂ ಇರಬೇಕು. ಅಕ್ಕಿಯಲ್ಲಿ ಈ ಲೆಕ್ಕ ತಲೆಕೆಳಗು. ನೀರು ಬೆರೆಸಿದ ಅರ್ಧ ಲೋಟ ಹಾಲು ಅದನ್ನು ಸರಿದೂಗಿಸಲಾರದು. ಬರೀ ಮಾಂಸ ಹಾಕುವ ಮನೆಗಳಲ್ಲೂ ಇದೇ ಕತೆ. ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಅತಿ ಕಡಿಮೆ. ಆಗ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಆದ್ದರಿಂದ ಆ ಸೋದರಿ ತಡಮಾಡದೆ ಮರಿಯನ್ನು ಪಶುವೈದ್ಯರಿಗೆ ತೋರಿಸಬೇಕು. ಅಂಗಡಿಯಿಂದ ತಾವೇ ಕ್ಯಾಲ್ಸಿಯಂ ಟಾನಿಕ್ ತಂದು ಸುರಿಯುವುದು ಬೇಡ. ದೊಡ್ಡ ಜಾತಿಯ ಮರಿಗಳಿಗೆ ಕ್ಯಾಲ್ಸಿಯಂ ಹೆಚ್ಚಾದರೂ ಮೂಳೆ ಕೆಡುತ್ತದೆ.

ಇನ್ನು ನಮ್ಮೆಲ್ಲರ ಮನೆಯ ಅಭ್ಯಾಸ ನೋಡಿ. ಮಧ್ಯಾಹ್ನದ ಊಟ ಮುಗಿದ ಮೇಲೆ ಮಿಕ್ಕ ಅನ್ನಕ್ಕೆ ತಳದ ಸಾರು ಕಲಸಿ ನಾಯಿಗೆ ಹಾಕುತ್ತೇವೆ. ಆ ಸಾರಿನಲ್ಲಿ ಏನೇನಿದೆ? ಈರುಳ್ಳಿ, ಬೆಳ್ಳುಳ್ಳಿ ಇವೆ. ಹಸಿಯಾಗಿರಲಿ, ಬೇಯಿಸಿರಲಿ, ಪುಡಿಯೇ ಆಗಿರಲಿ, ಇವು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ತಿಂದ ದಿನವೇ ಗೊತ್ತಾಗುವುದೂ ಇಲ್ಲ. ಕೆಲವು ದಿನ ಕಳೆದ ಮೇಲೆ ನಾಯಿ ಸುಸ್ತಾಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಹುಣಸೆಹಣ್ಣೂ ಈ ಪಟ್ಟಿಗೆ ಸೇರಿದೆ. ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡುವುದು ವೈದ್ಯರಿಗೆ ಮೊದಲಿಂದ ಗೊತ್ತಿತ್ತು. ಹುಣಸೆ ತಿಂದ ನಾಯಿಗಳಿಗೂ ಹಾಗೇ ಆದದ್ದನ್ನು 2022ರಲ್ಲಿ ಅಮೆರಿಕದ ಪಶುವೈದ್ಯರು ವರದಿ ಮಾಡಿದರು. ಎರಡರಲ್ಲೂ ಇರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಅವರ ಅಭಿಪ್ರಾಯ. ನಮ್ಮ ಹುಳಿ, ಸಾರು, ಪುಳಿಯೋಗರೆ ಯಾವುದರಲ್ಲಿ ಹುಣಸೆ ಇಲ್ಲ ಹೇಳಿ! ಮಕ್ಕಳು ಕೊಡುವ ಚಾಕೊಲೇಟು, ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್‌ನಲ್ಲಿ ಹಾಕುವ ಕ್ಸೈಲಿಟಾಲ್ ಸಹ ವಿಷವೇ. ಬೇಯಿಸಿದ ಕೋಳಿಮೂಳೆ ಸೀಳಿಕೊಂಡು ಕರುಳಿಗೆ ಚುಚ್ಚಬಹುದು.

"ಬೀದಿನಾಯಿ ಎಲ್ಲಾ ತಿಂದು ಗಟ್ಟಿಯಾಗೇ ಇದೆಯಲ್ಲ?" ಅನ್ನಬಹುದು. ನಮ್ಮ ಕಣ್ಣಿಗೆ ಬೀಳುವುದು ಉಳಿದುಕೊಂಡ ನಾಯಿ ಮಾತ್ರ. ಸತ್ತದ್ದನ್ನು ಯಾರು ಲೆಕ್ಕ ಇಟ್ಟಿದ್ದಾರೆ?

ಹಾಗಂತ ಅನ್ನ, ರಾಗಿ ದೂರವಿಡಬೇಕಾಗಿಲ್ಲ. ತೋಳಕ್ಕಿಂತ ನಾಯಿಗೆ ಪಿಷ್ಟ ಅರಗಿಸುವ ಶಕ್ತಿ ಹೆಚ್ಚು ಎಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಚೆನ್ನಾಗಿ ಬೇಯಿಸಿರಬೇಕು ಅಷ್ಟೆ. ಒಗ್ಗರಣೆಗೂ ಉಪ್ಪು-ಖಾರಕ್ಕೂ ಮುಂಚೆ ಅನ್ನ, ಬೆಂದ ಕುಂಬಳಕಾಯಿ, ಕ್ಯಾರೆಟ್ಟು ಒಂದು ಬಟ್ಟಲಲ್ಲಿ ತೆಗೆದಿಟ್ಟುಬಿಡಿ. ಅದರ ಜೊತೆ ಬೇಯಿಸಿದ ಮೊಟ್ಟೆಯೋ ಮೂಳೆ ತೆಗೆದ ಕೋಳಿಯೋ ಧಾರಾಳವಾಗಿರಲಿ. ಹಾಲು ಕುಡಿದರೆ ಭೇದಿಯಾಗುವ ನಾಯಿಗೆ ಮೊಸರು ಒಗ್ಗೀತು. ಮನೆ ಅಡಿಗೆಯನ್ನೇ ನಂಬುವುದಾದರೆ ಕ್ಯಾಲ್ಸಿಯಂ, ಜೀವಸತ್ವಗಳ ಪ್ರಮಾಣವನ್ನು ವೈದ್ಯರಿಂದಲೇ ಬರೆಸಿಕೊಳ್ಳಿ. ಮೊಟ್ಟೆಯೂ ಸೇರದ ಮನೆಗಳಲ್ಲಿ ಬೇಳೆ-ಅನ್ನದಿಂದ ಮರಿ ಬೆಳೆಸುವುದು ಕಷ್ಟ. ಅಂಥವರಿಗೆ ಸಸ್ಯಾಹಾರದ ಪ್ಯಾಕೆಟ್ಟುಗಳೂ ಸಿಗುತ್ತವೆ. (ಬೆಕ್ಕಿಗೆ ಮಾತ್ರ ಈ ಉಪಾಯ ನಡೆಯದು, ಅದು ಮಾಂಸಾಹಾರಿಯೇ!)

ಪ್ಯಾಕೆಟ್ ಕೊಳ್ಳುವಾಗ ಮುಂದಿನ ಚಿತ್ರ ನೋಡಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ. ಇಂಗ್ಲಿಷಿನಲ್ಲಿದ್ದರೆ ಮಕ್ಕಳಿಂದ ಓದಿಸಿ. ಸಾಮಾನಿನ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರುತ್ತದೆ. ಕೋಳಿಯ ಚಿತ್ರ ದೊಡ್ಡದಾಗಿದ್ದು ಪಟ್ಟಿಯಲ್ಲಿ ಜೋಳ, ಗೋಧಿ ಮೊದಲಿದ್ದರೆ ನಿಮಗೇ ಅರ್ಥವಾಗುತ್ತೆ. "ಕಂಪ್ಲೀಟ್" ಅಂದರೆ ಸಂಪೂರ್ಣ ಆಹಾರ ಎಂದಿದೆಯೇ, ಮರಿಗೋ ದೊಡ್ಡ ನಾಯಿಗೋ ಎಂಬುದನ್ನೂ ನೋಡಿ. "ಟ್ರೀಟ್" ಎಂದಿದ್ದರೆ ಅದು ಕುರುಕಲು ತಿಂಡಿ, ಊಟವಲ್ಲ.

ಪ್ರೋಟೀನಿನ ಅಂಕಿಯನ್ನು ನೀರಿನ ಅಂಶ ಕಳೆದು ನೋಡಬೇಕು. ಅಮೆರಿಕದ ಮಾನದಂಡದ ಪ್ರಕಾರ ಹೀಗೆ ಕಳೆದ ಮೇಲೆ ಮರಿಯ ಆಹಾರದಲ್ಲಿ ಕನಿಷ್ಠ ಶೇಕಡಾ 22.5, ದೊಡ್ಡ ನಾಯಿಯದರಲ್ಲಿ 18 ಇರಬೇಕು. ಒಣ ಕಾಳಿನಂಥ ಆಹಾರದಲ್ಲಿ ಪ್ರೋಟೀನ್ 22, ನೀರು 10 ಎಂದಿದ್ದರೆ 90ರಲ್ಲಿ 22 ಆಯಿತು, ಅಂದರೆ ಸುಮಾರು ಶೇಕಡಾ 24. ಗ್ರೇವಿಯ ಪೊಟ್ಟಣದಲ್ಲಿ ಪ್ರೋಟೀನ್ ಬರೀ 8 ಎಂದಿರುತ್ತದೆ. ಆದರೆ ಅದರಲ್ಲಿ 80 ಪಾಲು ನೀರು. ಉಳಿದ 20ರಲ್ಲಿ 8 ಅಂದರೆ ಶೇಕಡಾ 40! ಪ್ರೋಟೀನಿಗೇನೂ ಕಡಿಮೆಯಿಲ್ಲ, ಆದರೆ ನೀರಿಗೂ ದುಡ್ಡು ಕೊಡುತ್ತಿದ್ದೀರಿ. ಅತ್ತೆಯವರಿಗೆ ಲೆಕ್ಕ ಒಪ್ಪಿಸುವಾಗ ಕಿಲೋ ಬೆಲೆ ಹೇಳಬೇಡಿ. ನಾಯಿಯ ತೂಕಕ್ಕೆ ದಿನಕ್ಕೆ ಎಷ್ಟು ಗ್ರಾಂ ಎಂದು ಪ್ಯಾಕೆಟ್ಟಿನಲ್ಲೇ ಬರೆದಿರುತ್ತದೆ. ದಿನದ ಖರ್ಚು ಹೇಳಿ, ಅದು ಅಷ್ಟೇನೂ ಹೆದರಿಸುವುದಿಲ್ಲ.

ನಮ್ಮಂಥ ಊರುಗಳಲ್ಲಿ ದೊಡ್ಡ ಚೀಲ ಬಿಚ್ಚಿ ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ಅಗ್ಗವೆಂದು ಅದಕ್ಕೆ ಮನಸೋಲಬೇಡಿ. ತಯಾರಾದ ದಿನ ಯಾವುದು, ಚೀಲ ಬಿಚ್ಚಿ ಎಷ್ಟು ದಿನವಾಯಿತು, ಮರಿಯದೋ ದೊಡ್ಡದರದೋ, ಒಂದೂ ತಿಳಿಯುವುದಿಲ್ಲ. ಅದರಲ್ಲಿರುವ ಕೊಬ್ಬು ಗಾಳಿಗೆ ಕಮಟುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಒಂದು ತಿಂಗಳಲ್ಲಿ ಮುಗಿಯುವಷ್ಟು ಸಣ್ಣ ಪ್ಯಾಕೆಟ್ ತಂದು, ಬಾಯಿ ಮಡಚಿ, ಪ್ಯಾಕೆಟ್ ಸಮೇತ ಸ್ಟೀಲ್ ಡಬ್ಬದಲ್ಲಿಡಿ.

ಹೊಸ ಆಹಾರಕ್ಕೆ ಒಂದೇ ದಿನದಲ್ಲಿ ಬದಲಿಸಬೇಡಿ. ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಒಂದು ವಾರ, ಹತ್ತು ದಿನ ತೆಗೆದುಕೊಳ್ಳಿ. ಮರಿಗೆ ದಿನಕ್ಕೆ ಮೂರು-ನಾಲ್ಕು ಸಲ, ದೊಡ್ಡದಕ್ಕೆ ಎರಡು ಸಲ ಸಾಕು. ಮಲ ಗಟ್ಟಿಯಾಗಿದ್ದು, ಕೂದಲು ಹೊಳೆಯುತ್ತಿದ್ದು, ಪಕ್ಕೆ ಸವರಿದರೆ ಎಲುಬು ಕೈಗೆ ಸಿಕ್ಕಿಯೂ ಕಣ್ಣಿಗೆ ಎದ್ದು ಕಾಣದೆ ಇದ್ದರೆ ಊಟ ಒಗ್ಗಿದೆ ಎಂದೇ ಲೆಕ್ಕ.