ಯಾವುದರ ಸೇರು?

ಸಾಗರದ ಪೇಟೆಯಲ್ಲಿ ದಿನಸಿ ಕಟ್ಟಿಸಿಕೊಳ್ಳುತ್ತಿದ್ದ ಹೆಂಗಸೊಬ್ಬರು ದೂರದ ಮಗಳಿಗೆ ಫೋನಿನಲ್ಲಿ ಉದ್ದಿನ ಕಡುಬಿನ ಲೆಕ್ಕ ಒಪ್ಪಿಸುತ್ತಿದ್ದರು. "ಸೇರು ಅಂದ್ರೆ ಎಷ್ಟು ಗ್ರಾಂ ಅಮ್ಮಾ?" ಎಂದು ಆ ಕಡೆಯಿಂದ ಕೇಳಿದ್ದು ನನಗೂ ಕೇಳಿಸಿತು. "ಎಂತದ್ರ ಸೇರು ಮಾರಾಯ್ತಿ? ಅಕ್ಕಿದೋ, ಉದ್ದಿಂದೋ?" ಎಂದರು ಇವರು.

ವಾರವಿಡೀ ಆ ಮರುಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಈಗಿನ ಅಡುಗೆ ಪುಸ್ತಕಗಳಿಗೆ ಅದು ಹೊಳೆಯುವುದೇ ಇಲ್ಲ. ಒಂದು ಕಪ್ ಎಂದರೆ 250 ಗ್ರಾಂ ಎಂದು ಅಚ್ಚು ಹಾಕಿ ಕೈತೊಳೆದುಕೊಳ್ಳುತ್ತಾರೆ. ಅಕ್ಕಿಗೂ ಅದೇ, ತೆಳು ಅವಲಕ್ಕಿಗೂ ಅದೇ! 240 ಮಿ.ಲೀ. ಕಪ್ಪಿನಲ್ಲಿ ಅಕ್ಕಿ 200 ಗ್ರಾಮಿನ ಆಸುಪಾಸು ತೂಗೀತು, ಅವಲಕ್ಕಿ ಅದರ ಅರ್ಧವನ್ನೂ ಮುಟ್ಟದು. ಇನ್ನು ವಿದ್ಯುತ್ ಕುಕ್ಕರಿನ ಜೊತೆ ಬರುವ ಕಪ್ ಹಿಡಿಯುವುದೇ 180 ಮಿ.ಲೀ.

ನಮ್ಮ ಹಿರಿಯರು ಈ ತೊಡಕನ್ನು ಬಲ್ಲವರು. ಮೈಸೂರು ಸೀಮೆಯ ಪಕ್ಕಾ ಸೇರನ್ನು ಗೊತ್ತುಮಾಡುತ್ತಿದ್ದ ರೀತಿ ನೋಡಿ: ಹೆಚ್ಚು ಬಳಕೆಯಲ್ಲಿದ್ದ ಒಂಬತ್ತು ಧಾನ್ಯಗಳನ್ನು ಸಮವಾಗಿ ಬೆರೆಸುವುದು, ಅದರಲ್ಲಿ 84 ರೂಪಾಯಿ ತೂಕದಷ್ಟು ತೆಗೆದುಕೊಳ್ಳುವುದು, ಅಷ್ಟು ಹಿಡಿಸುವ ಪಾತ್ರೆಯೇ ಸೇರು. ಆಗಿನ ರೂಪಾಯಿ ನಾಣ್ಯಕ್ಕೆ ಹನ್ನೊಂದೂವರೆ ಗ್ರಾಮಿನ ಮೇಲೆ ಚೂರು ಎಂದು ಹಿಡಿದರೆ 980 ಗ್ರಾಂ ಆಗುತ್ತದೆ. ಸೇರೆಂದರೆ ಕಿಲೋ ಎಂಬ ಮಾತು ಬಂದದ್ದೂ ಈ ಸಾಮೀಪ್ಯದಿಂದಲೇ ಇರಬೇಕು. ಆದರೆ ಅದು ಬೆರಕೆಯ ತೂಕ; ಒಂಬತ್ತರಲ್ಲಿ ಯಾವೊಂದು ಧಾನ್ಯವೂ ಅದಕ್ಕೆ ಸರಿಯಾಗಿ ಕೂರಬೇಕೆಂದಿಲ್ಲ.

ಇಲ್ಲಿಗೆ ಬಂದಮೇಲೆ ಶಿವಪ್ಪ ನಾಯಕನನ್ನು ಬಿಟ್ಟು ಮುಂದೆ ಹೋಗಲಾರೆ. ಮತ್ತೆ ಶಿಸ್ತು ಎಂಬ ಅವನ ಕಂದಾಯ ಪದ್ಧತಿಯ ಪುರಾಣವೇ ಎಂದು ಹಳೆಯ ಓದುಗರು ಗೊಣಗಿಕೊಳ್ಳಲಿ. 1645ರಿಂದ 1660ರವರೆಗೆ ಬಿದನೂರಿನಿಂದ ಆಳಿದ ಈ ಕೆಳದಿಯ ಅರಸ ಗದ್ದೆಗಳನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ತರಗತಿಯಾಗಿ ವಿಂಗಡಿಸಿದ. ಊರೂರಿನಲ್ಲೂ ತರಗತಿಗೊಂದು ಗದ್ದೆಯನ್ನು ಹನ್ನೆರಡು ವರ್ಷ ತನ್ನ ಖರ್ಚಿನಲ್ಲೇ ಬೇಸಾಯ ಮಾಡಿಸಿ, ಬಿತ್ತಿದ ಬೀಜ, ತಗಲಿದ ವೆಚ್ಚ, ಬಂದ ಫಸಲು ಎಲ್ಲವನ್ನೂ ಬರೆಸಿದನೆಂದು ಗ್ಯಾಸೆಟಿಯರ್ ಹೇಳುತ್ತದೆ. ಸರಾಸರಿ ಹುಟ್ಟುವಳಿಯ ಮೂರರಲ್ಲೊಂದು ಪಾಲು ಅರಮನೆಗೆ. ಆ ಲೆಕ್ಕದ ಖಂಡುಗಕ್ಕೆ 50 ಸೇರು, ಬೆಲೆ ಒಂದು ಹಣ. ಬೇರೆಡೆ ಇಪ್ಪತ್ತು ಕೊಳಗಕ್ಕೆ ಖಂಡುಗ. ಕೊಳಗಕ್ಕೆ ಎಷ್ಟು ಸೇರೆಂಬುದು ಊರಿಗೊಂದು ತೆರ. ಗದ್ದೆಯ ಅಳತೆಯೂ ಖಂಡುಗದಲ್ಲೇ, ಅಂದರೆ ಬಿತ್ತುವ ಬೀಜದ ಲೆಕ್ಕದಲ್ಲಿ. ಇಷ್ಟೆಲ್ಲ ನಡೆದದ್ದು ಅಳೆಯುವ ಪಾತ್ರೆಯ ಮೇಲೆ. ತಕ್ಕಡಿಯ ಗೊಡವೆ ಅಡಿಕೆ, ಬೆಲ್ಲ, ಮೆಣಸಿನವರಿಗೆ.

ಇಷ್ಟು ಬರೆದು, ಉದ್ದನ್ನೂ ಅಕ್ಕಿಯನ್ನೂ ಒಂದೇ ಲೋಟದಲ್ಲಿ ಅಳೆದು ತೂಗಿದೆ. ತಾಯಿಯ ಪಕ್ಷ ವಹಿಸಿದ್ದ ನನಗೆ ಸ್ವಲ್ಪ ಪೆಚ್ಚಾಯಿತು: ಎರಡರ ತೂಕಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. ಒಂದು ಪಾಲು ಉದ್ದಿಗೆ ಎರಡು ಪಾಲು ಅಕ್ಕಿ ಎಂಬ ಲೆಕ್ಕವನ್ನು ಲೋಟದಲ್ಲಿ ಹಿಡಿದರೂ ತಕ್ಕಡಿಯಲ್ಲಿ ಹಿಡಿದರೂ ಕಡುಬು ಕಡುಬೇ. ಲೆಕ್ಕ ತಪ್ಪುವುದು ಅಕ್ಕಿ ಒಡೆದಾಗ. ಲೋಟ ಅಕ್ಕಿಯನ್ನು ಬೀಸಿದರೆ ಹಿಟ್ಟು ಅದೇ ಲೋಟದಲ್ಲಿ ಹಿಡಿಸುವುದಿಲ್ಲ. ತರಿಯೂ ಹಿಗ್ಗುತ್ತದೆ, ಹಿಟ್ಟಿನಷ್ಟಲ್ಲ. ಕುಟ್ಟಿ ತುಂಬಿದ ಹಿಟ್ಟಿನ ತೂಕ ಒಂದು, ಜರಡಿ ಹಿಡಿದು ಸಡಿಲವಾಗಿ ತುಂಬಿದ್ದರದು ಇನ್ನೊಂದು. ಅಂದಮೇಲೆ ಮಗಳು ಕೇಳಬೇಕಾದದ್ದು ಗ್ರಾಮನ್ನಲ್ಲ. ಎರಡು ಲೋಟವೆಂದರೆ ಅಕ್ಕಿಯೋ, ಒಡೆದ ತರಿಯೋ ಎಂದು. ಅಮ್ಮ ಅದನ್ನು ಹೇಳಲಿಲ್ಲ. ಅವರ ಮನೆಯಲ್ಲಿ ಅಕ್ಕಿ ಅಳೆದು ತೊಳೆದು ಆರಿಸಿ ತರಿ ಒಡೆಯುತ್ತಿದ್ದಿರಬೇಕು. ಮಗಳು ತರುವುದು ಅಂಗಡಿಯ ಪೊಟ್ಟಣದ ತರಿ. ಅಮ್ಮನ ಎರಡು ಲೋಟ ಅಕ್ಕಿಗೆ ಮಗಳು ಎರಡು ಲೋಟ ತರಿಯನ್ನೇ ಸುರಿದರೆ ಅಕ್ಕಿ ಕಡಿಮೆ ಬೀಳುತ್ತದೆ, ಹಿಟ್ಟಿನಲ್ಲಿ ಉದ್ದಿನದೇ ಮೇಲುಗೈಯಾಗುತ್ತದೆ.

ತಕ್ಕಡಿಗೆ ಕೆಲಸವಿರುವುದು ಇಲ್ಲಿ. ಅಮ್ಮನ ಲೋಟದಲ್ಲಿ ಎರಡು ಸಲ ಅಕ್ಕಿ ತುಂಬಿ, ಬಾಯಿ ಸವರಿ, ಒಮ್ಮೆ ತೂಗಿ ಬರೆದಿಟ್ಟುಕೊಂಡರೆ ಆಯಿತು. ಆಮೇಲೆ ಪೊಟ್ಟಣದ ತರಿಯನ್ನು ಅಷ್ಟೇ ತೂಕಕ್ಕೆ ತೆಗೆದುಕೊಳ್ಳಬಹುದು. ನೀರಿನ ಪ್ರಮಾಣಕ್ಕೆ ಮಾತ್ರ ಯಾವ ಕೋಷ್ಟಕವೂ ಇಲ್ಲ. ಹೊಸ ಅಕ್ಕಿಗೆ ಕಡಿಮೆ, ಹಳೆಯದಕ್ಕೆ ಹೆಚ್ಚು. ಪೊಟ್ಟಣದೊಳಗಿನ ಅಕ್ಕಿ ಯಾವ ವರ್ಷದ್ದೆಂದು ಅಂಗಡಿಯವನನ್ನೇ ಕೇಳಬೇಕು.