ಜನ ಹೆಚ್ಚಾದರೋ, ಮನೆ ಮುಚ್ಚಿಕೊಂಡವೋ?

ಹಳೆ ಮೈಸೂರಿನ ಕಡತಗಳಲ್ಲಿ ಜನಗಣತಿಗೆ ಖಾನೇಷುಮಾರಿ ಎನ್ನುತ್ತಿದ್ದರು. ಉರ್ದು ಶಾಲೆಯಲ್ಲಿ ಅಕ್ಷರ ತಿದ್ದಿದ ನಮಗೆ ಈ ಮಾತು ಕೇಳಿದ ಕೂಡಲೆ ಅರ್ಥವಾಗುತ್ತದೆ. ಖಾನೆ ಎಂದರೆ ಮನೆ, ಷುಮಾರಿ ಎಂದರೆ ಎಣಿಕೆ. ತಲೆ ಎಣಿಸುವುದಕ್ಕೆ ಮರ್ದುಮ್ ಷುಮಾರಿ ಎಂಬ ಬೇರೆಯೇ ಮಾತು ಉರ್ದುವಿನಲ್ಲಿದೆ. ಕನ್ನಡ ತನ್ನದಾಗಿಸಿಕೊಂಡದ್ದು ಮನೆ ಎಣಿಸುವ ಮಾತನ್ನು. ಆದರೆ ಇಂದಿನ ನಮ್ಮ ಭಾಷಣಕಾರರಿಗೆ ತಲೆಗಳು ಮಾತ್ರ ಕಾಣುತ್ತಿವೆ. ಬಡತನಕ್ಕೆ ಕಾರಣವೇನು? ಜನಸಂಖ್ಯೆ. ಮನೆ ಸಿಗದಿರಲು ಕಾರಣವೇನು? ಜನಸಂಖ್ಯೆ. ಇನ್ನಷ್ಟು ಕೆದಕಿದರೆ 'ಇವರಿಗೆ ಮಕ್ಕಳು ಜಾಸ್ತಿ' ಎಂದು ಬೆರಳು ನಮ್ಮ ಮೊಹಲ್ಲಾಗಳ ಕಡೆ ತಿರುಗುತ್ತದೆ.

ಈ ವಾದವನ್ನು ಕ್ಯಾತ್ಸಂದ್ರದಲ್ಲಿ ನಿಂತು ಪರೀಕ್ಷಿಸೋಣ.

ಬೆಂಗಳೂರಿನಿಂದ ಬರುವವರಿಗೆ ತುಮಕೂರಿನ ಬಾಗಿಲು ಕ್ಯಾತ್ಸಂದ್ರ. ಹೆದ್ದಾರಿಯ ಟೋಲ್‌ಗೇಟು, ಪುಟ್ಟ ರೈಲು ನಿಲ್ದಾಣ, ಹೆಸರುವಾಸಿಯಾದ ತಟ್ಟೆ ಇಡ್ಲಿ, ಪಕ್ಕದಲ್ಲೇ ಸಿದ್ಧಗಂಗೆ. ನೋಡಲು ಹಳ್ಳಿಯ ಗುಣ ಇನ್ನೂ ಬಿಡದ ಊರು. ಕಾಗದದ ಮೇಲೆ ಮಾತ್ರ ಅದು ತುಮಕೂರು ಮಹಾನಗರ ಪಾಲಿಕೆಯ ಒಂದು ತುಂಡು. ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೂ ಸೇರಿತು. ಇಂಥ ಊರಿನ ಬಡವನ ಸ್ಥಿತಿ ವಿಚಿತ್ರವಾದದ್ದು. 2005ರ ಉದ್ಯೋಗ ಖಾತ್ರಿ ಕಾನೂನು ಬಂದದ್ದು ಗ್ರಾಮೀಣರಿಗೆ. ಪಾಲಿಕೆಯೊಳಗಿನವನಿಗೆ ಅದರಲ್ಲಿ ಪಾಲಿರಲಿಲ್ಲ. ಅವನ ಕೈಗೆ ಬರುವುದು ಹಳ್ಳಿಯ ಕೂಲಿ, ಅವನು ಕೊಡಬೇಕಾದದ್ದು ಪಟ್ಟಣದ ಬಾಡಿಗೆ.

ಜನ ಹೆಚ್ಚಿದ್ದಾರೆ, ನಿಜ. 2001ರಲ್ಲಿ ಸುಮಾರು ಎರಡೂವರೆ ಲಕ್ಷವಿದ್ದ ತುಮಕೂರು ನಗರದ ಜನಸಂಖ್ಯೆ 2011ರಲ್ಲಿ ಮೂರು ಲಕ್ಷ ದಾಟಿತ್ತು. ಆದರೆ ಇದು ಹೆರಿಗೆ ಕೋಣೆಯಲ್ಲಿ ಆದ ಹೆಚ್ಚಳ ಮಾತ್ರವೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಲು ಬೇಕಾದದ್ದು 2.1. ಬೆರಳು ತೋರಿಸುವವರಿಗಾಗಿ ಇನ್ನೊಂದು ಲೆಕ್ಕ: ದೇಶದ ಮುಸ್ಲಿಂ ಮಹಿಳೆಯರಲ್ಲಿ 1992-93ರಲ್ಲಿ 4.4 ಇದ್ದ ಈ ಸರಾಸರಿ 2019-21ರ ಹೊತ್ತಿಗೆ 2.4ಕ್ಕೆ ಇಳಿದಿದೆ. ಇಂಥ ಊರುಗಳು ಬೆಳೆಯುವುದು ಹೆಚ್ಚಾಗಿ ಕೆಲಸ ಹುಡುಕಿಕೊಂಡು ಬಂದವರಿಂದ. ಹಿರೇಹಳ್ಳಿ, ಅಂತರಸನಹಳ್ಳಿ, ವಸಂತನರಸಾಪುರಗಳಲ್ಲಿ ಕೈಗಾರಿಕಾ ಪ್ರದೇಶ ಮಾಡಿದವರು ನಾವೇ ಅಲ್ಲವೇ? ದುಡಿಯುವ ಕೈ ಬೇಕೆಂದು ಕರೆದೆವು. ಆ ಕೈಗೊಂದು ಮೈಯಿದೆ, ಆ ಮೈ ರಾತ್ರಿ ಎಲ್ಲಾದರೂ ಮಲಗಬೇಕು ಎಂಬುದನ್ನು ಮರೆತೆವು.

ಇನ್ನು ಆದಾಯ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ. ದಿನಕ್ಕೆ 400 ರೂಪಾಯಿಯಂತೆ ತಿಂಗಳಿಗೆ 25 ದಿನ ಗಾರೆ ಕೆಲಸ ಮಾಡಿದವನ ವರ್ಷದ ಗಳಿಕೆ ಸರಿಯಾಗಿ ಅಷ್ಟೇ ಆಗುತ್ತದೆ. ಹೆಂಡತಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋದಳೋ, ಆ ಮನೆ ಬಡತನದ ಗೆರೆ ದಾಟಿತು! ಅದೇ ಕುಟುಂಬ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗಕ್ಕೆ ಅರ್ಜಿ ಹಾಕಿದರೆ ಅಲ್ಲಿ 3 ಲಕ್ಷದವರೆಗೂ ಬಡವರೇ. ಅಕ್ಕಿಯ ಬಾಗಿಲಲ್ಲಿ ಸಾಹುಕಾರ, ಮನೆಯ ಬಾಗಿಲಲ್ಲಿ ಬಡವ. ಆ ಯೋಜನೆಯಲ್ಲೂ ತಾನೇ ಮನೆ ಕಟ್ಟಿಕೊಳ್ಳಲು ಹಣ ಬೇಕೆಂದರೆ ಮೊದಲು ಸ್ವಂತ ನಿವೇಶನ ಇರಬೇಕು. ನಿವೇಶನವಿದ್ದವನು ಒಂದು ಕೋಣೆಗೆ ಬಾಡಿಗೆ ಕೊಟ್ಟುಕೊಂಡು ಏಕೆ ಇರುತ್ತಿದ್ದ? ತಿಂಗಳಿಗೆ ಐದು ಸಾವಿರ ಬಾಡಿಗೆ ಎಂದುಕೊಳ್ಳಿ. ವರ್ಷಕ್ಕೆ 60 ಸಾವಿರ. ಆ ಗಾರೆ ಕೆಲಸದವನ ದುಡಿಮೆಯಲ್ಲಿ ಅರ್ಧ ಅಲ್ಲಿಗೇ ಹೋಯಿತು. ಕಾರ್ಡು ಕೊಡುವಾಗ ಗಳಿಸಿದ್ದನ್ನು ನೋಡುವವರು ಬಾಡಿಗೆಗೆ ಕಳೆದದ್ದನ್ನೂ ನೋಡಬೇಡವೇ?

ಮನೆಗಳೇ ಇಲ್ಲವೇ? ಇವೆ. 2011ರ ಜನಗಣತಿಯಲ್ಲಿ ದೇಶದ ಪಟ್ಟಣಗಳಲ್ಲೇ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಮನೆಗಳು ಖಾಲಿ ಬಿದ್ದಿದ್ದವು. ಮರುವರ್ಷವೇ, 2012ರಲ್ಲಿ, ಅಮಿತಾಭ್ ಕುಂಡು ನೇತೃತ್ವದ ತಜ್ಞರ ತಂಡ ಪಟ್ಟಣಗಳಲ್ಲಿ 1 ಕೋಟಿ 88 ಲಕ್ಷ ಮನೆಗಳ ಕೊರತೆಯಿದೆ ಎಂದಿತು. ಈ ಕೊರತೆಯಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಬಡವರದು ಮತ್ತು ಕಡಿಮೆ ವರಮಾನದವರದು. ಬೀದಿಯಲ್ಲಿ ಮಲಗುವವರು ಇದರಲ್ಲಿ ಸ್ವಲ್ಪವೇ. ಸುಮಾರು ಒಂದೂವರೆ ಕೋಟಿ ಕುಟುಂಬಗಳದ್ದು ಇಕ್ಕಟ್ಟಿನ ಸಮಸ್ಯೆ. ಅಂದರೆ ಅಪ್ಪ ಅಮ್ಮ, ಮದುವೆಯಾದ ಮಗ ಸೊಸೆ, ಮೊಮ್ಮಕ್ಕಳು, ಎಲ್ಲರೂ ಒಂದೇ ಕೋಣೆಯಲ್ಲಿ ಮಧ್ಯೆ ಸೀರೆಯ ಪರದೆ ಕಟ್ಟಿಕೊಂಡು ಮಲಗುವುದು. ಒಂದೇ ಒಲೆಯ ಮೇಲೆ ಅನ್ನ ಬೇಯುವುದರಿಂದ ಜನಗಣತಿಯ ಲೆಕ್ಕದಲ್ಲಿ ಅದು ಒಂದು ಕುಟುಂಬ. ಇನ್ನೊಂದು ಒಲೆ ಹೂಡಲು ಇನ್ನೊಂದು ಕೋಣೆ ಸಿಗಲಿಲ್ಲ ಎಂಬುದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಮನೆಗಳು ಖಾಲಿ ಇರುವುದೇಕೆ ಎಂಬುದಕ್ಕೆ ನಮಗೆ ಗೊತ್ತಿರುವ ಒಂದು ಉತ್ತರವಿದೆ. ಪರಿಚಯದ ಹುಡುಗನೊಬ್ಬನಿಗೆ ಬಾಡಿಗೆ ಮನೆ ಹುಡುಕಲು ನಾವೂ ಜೊತೆಗೆ ಹೋಗಿದ್ದೆವು. 'ಟು ಲೆಟ್' ಬೋರ್ಡು ತೂಗುತ್ತಿತ್ತು. ಯಜಮಾನರು ನಮ್ಮ ಕನ್ನಡ ಕೇಳಿ ನಗುನಗುತ್ತಲೇ ಬೀಗ ತೆಗೆದರು, ನೀರಿನ ತೊಟ್ಟಿಯನ್ನೂ ತೋರಿಸಿದರು. ಕೊನೆಗೆ ಹೆಸರು ಕೇಳಿದರು. 'ತಪ್ಪು ತಿಳ್ಕೋಬೇಡಿ ಸಾರ್, ಮನೇಲಿ ಹಿರಿಯರಿದ್ದಾರೆ, ಒಂದ್ಮಾತು ಕೇಳಿ ಹೇಳ್ತೀನಿ' ಎಂದರು. ತಿಂಗಳಾದರೂ ಬೋರ್ಡು ತೂಗುತ್ತಲೇ ಇತ್ತು. ದಲಿತ ಗೆಳೆಯರಿಗೆ ಈ ಕತೆ ಹೊಸದಲ್ಲ. ಮುಸ್ಲಿಮರಿಗೆ ಬೇರೆ ಬಡಾವಣೆಗಳಲ್ಲಿ ಮನೆ ಸಿಗುವುದು ಕಷ್ಟವಾಗಿದೆ ಎಂಬ ಅಳಲನ್ನು ಸಾಚಾರ್ ಸಮಿತಿಯ ವರದಿ 2006ರಲ್ಲೇ ದಾಖಲಿಸಿದೆ. ಹೀಗೆ ಒಂದೇ ಗಲ್ಲಿಯಲ್ಲಿ ಜನ ಒತ್ತರಿಸಿದಾಗ, 'ನೋಡಿ, ಎಷ್ಟು ಜನ ಅವರು!' ಎನ್ನುತ್ತಾರೆ.

ನಮ್ಮವರ ತಪ್ಪನ್ನೂ ಮುಚ್ಚಿಡುವುದು ಬೇಡ. ಬೇರೆಡೆ ಬಾಗಿಲು ತೆರೆಯುವುದಿಲ್ಲ ಎಂದು ಗೊತ್ತಿದ್ದೇ ಬಾಡಿಗೆ ಏರಿಸುವ, ಹತ್ತು ತಿಂಗಳ ಮುಂಗಡ ಕೇಳುವ ಮಾಲೀಕರು ನಮ್ಮ ಮೊಹಲ್ಲಾಗಳಲ್ಲೂ ಇದ್ದಾರೆ. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡವೆಂದು ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ 2021ರಲ್ಲೇ ಹೇಳಿತು. ಅದನ್ನು ಪಾಲಿಸಲು ನಮಗೆ ಸರ್ಕಾರದ ಅಪ್ಪಣೆ ಬೇಕೇ?

2011ರ ನಂತರ ಇಷ್ಟು ವರ್ಷ ನಿಂತಿದ್ದ ಜನಗಣತಿ 2027ಕ್ಕೆ ಗೊತ್ತಾಗಿದೆ. ಅದರ ಮೊದಲ ಹಂತ ಮನೆಪಟ್ಟಿ. ಹಳೆಯವರ ಖಾನೇಷುಮಾರಿ ಎನ್ನಿ. ಅದರಲ್ಲಿ ಕೋಣೆ ಎಷ್ಟು, ಮದುವೆಯಾದ ಜೋಡಿಗಳೆಷ್ಟು, ಮನೆ ಸ್ವಂತದ್ದೋ ಬಾಡಿಗೆಯದೋ ಎಂಬ ಪ್ರಶ್ನೆಗಳಿವೆ. ಬಾಡಿಗೆ ಎಷ್ಟು ಎಂಬ ಪ್ರಶ್ನೆಯಿಲ್ಲ. ನಮ್ಮ ಬೇಡಿಕೆ ಇಷ್ಟೇ. ಈ ಲೆಕ್ಕವನ್ನು ತುಮಕೂರಿನ ಸರಾಸರಿಯಲ್ಲಿ ಮುಳುಗಿಸದೆ ಕ್ಯಾತ್ಸಂದ್ರದಂಥ ಊರುಗಳದ್ದನ್ನು ವಾರ್ಡುವಾರು ಜನರ ಮುಂದಿಡಬೇಕು. ಬಾಡಿಗೆಯ ಲೆಕ್ಕವನ್ನು ಪಾಲಿಕೆಯೇ ಎತ್ತಬೇಕು. ಕಾರ್ಖಾನೆಗೆ ಜಾಗ ಅಳೆಯುವಾಗಲೇ ಕಾರ್ಮಿಕರ ಬಾಡಿಗೆ ಮನೆಗಳಿಗೂ ಜಾಗ ಅಳೆಯಬೇಕು. ಹೆಸರು ಕೇಳಿ ಬಾಗಿಲು ಮುಚ್ಚುವುದನ್ನು ಕಾನೂನು ತಪ್ಪೆಂದು ಕರೆಯಬೇಕು.

ಇದು ಆಗದ ಮಾತೆನ್ನುವವರು ಊರಿನ ಪಕ್ಕದ ಸಿದ್ಧಗಂಗೆಯತ್ತ ಒಮ್ಮೆ ನೋಡಲಿ. 2019ರಲ್ಲಿ 111ನೆಯ ವಯಸ್ಸಿನಲ್ಲಿ ನಮ್ಮನ್ನಗಲಿದ ಶಿವಕುಮಾರ ಸ್ವಾಮೀಜಿ ಅಲ್ಲಿ ಯಾರ ಮಕ್ಕಳೆಂದು ಕೇಳದೆ ಸಾವಿರಾರು ಮಕ್ಕಳನ್ನು ಸಾಕಿದರು. ಅದನ್ನು ನಾಡು ತ್ರಿವಿಧ ದಾಸೋಹ ಎಂದು ಕೊಂಡಾಡಿತು: ಅನ್ನ, ಅಕ್ಷರ, ಆಶ್ರಯ. ಅನ್ನ, ಅಕ್ಷರಗಳನ್ನು ಭಾಷಣಗಳಲ್ಲಿ ಎಲ್ಲರೂ ಹೊಗಳುತ್ತೇವೆ. ಮೂರನೆಯದು ನಮ್ಮ ಮನೆಬಾಗಿಲಿಗೆ ಬಂದು ನಿಂತಾಗ ಮಾತ್ರ ಅದರ ಹೆಸರು ಕೇಳುತ್ತೇವೆ.