ಸೋತವರ ಕೈಯಲ್ಲೇ ಇದೆ ಒಗ್ಗಟ್ಟಿನ ಕೀಲಿಕೈ

2008ರ ಆಗಸ್ಟ್ 27. ಅಮೆರಿಕದ ಡೆನ್ವರ್ ನಗರದಲ್ಲಿ ಡೆಮಾಕ್ರಾಟಿಕ್ ಪಕ್ಷದ ರಾಷ್ಟ್ರೀಯ ಸಮಾವೇಶದ ಮೂರನೇ ದಿನ. ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿಯನ್ನು ಆರಿಸಲು ಒಂದೊಂದೇ ರಾಜ್ಯದ ಹೆಸರು ಕರೆಯಲಾಗುತ್ತಿತ್ತು. ನ್ಯೂ ಮೆಕ್ಸಿಕೋದ ಪ್ರತಿನಿಧಿಗಳು ತಮ್ಮ ಸರದಿಯನ್ನು ಬರಾಕ್ ಒಬಾಮಾ ಅವರ ರಾಜ್ಯವಾದ ಇಲಿನಾಯ್‌ಗೆ ಬಿಟ್ಟುಕೊಟ್ಟರು. ಇಲಿನಾಯ್‌ನವರು ಅದನ್ನು ನ್ಯೂಯಾರ್ಕ್‌ಗೆ ದಾಟಿಸಿದರು. ಆಗ ನ್ಯೂಯಾರ್ಕ್ ಪ್ರತಿನಿಧಿಗಳ ನಡುವೆ ನಿಂತಿದ್ದವರು ಹಿಲರಿ ಕ್ಲಿಂಟನ್. ನಿಯಮಗಳನ್ನು ಬದಿಗಿಟ್ಟು ಒಬಾಮಾ ಅವರನ್ನು ಧ್ವನಿಮತದಿಂದ ಆರಿಸಬೇಕೆಂದು ಅವರೇ ಸೂಚಿಸಿದರು. ಅಧ್ಯಕ್ಷತೆ ವಹಿಸಿದ್ದ ನ್ಯಾನ್ಸಿ ಪೆಲೋಸಿ ಒಪ್ಪಿಗೆ ಕೇಳಿದಾಗ ಸಭಾಂಗಣವೆಲ್ಲ ಹೌದು ಎಂದು ಕೂಗಿತು.

ಟಿವಿಯಲ್ಲಿ ನೋಡಿದವರಿಗೆ ಅದು ಕೆಲವೇ ನಿಮಿಷಗಳ ಪ್ರಸಂಗ. ಆದರೆ ಆ ಕೆಲವು ನಿಮಿಷಗಳಿಗಾಗಿ ಎರಡೂ ಬಣಗಳು ಸುಮಾರು ಮೂರು ತಿಂಗಳು ಬೆವರು ಸುರಿಸಿದ್ದವು.

ಪ್ರತಿನಿಧಿ ಎಂದರೆ ಯಾರು?

ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರೆಂದು ವರಿಷ್ಠರು ಘೋಷಿಸಿದರೆ ಸಾಲದು. ಪ್ರತಿ ರಾಜ್ಯದಲ್ಲೂ ಪ್ರೈಮರಿ ಇಲ್ಲವೇ ಕಾಕಸ್ ನಡೆಯುತ್ತದೆ. ಅಲ್ಲಿ ಸಿಕ್ಕ ಮತಗಳಿಗೆ ತಕ್ಕಂತೆ ಅಭ್ಯರ್ಥಿಗಳಿಗೆ ಸಮಾವೇಶದ ಪ್ರತಿನಿಧಿಗಳು ಹಂಚಿಕೆಯಾಗುತ್ತಾರೆ. ಈ ಪ್ರತಿನಿಧಿಗಳಲ್ಲಿ ಶಿಕ್ಷಕರು, ಕಾರ್ಮಿಕ ಸಂಘಟನೆಯವರು, ಪಕ್ಷದ ಸ್ಥಳೀಯ ಕಾರ್ಯಕರ್ತರು ಎಲ್ಲರೂ ಇರುತ್ತಾರೆ. ತಿಂಗಳುಗಟ್ಟಲೆ ಮನೆ ಮನೆ ಅಲೆದು ತಮ್ಮ ನಾಯಕನಿಗೆ ಮತ ಕೇಳಿದವರು ಇವರು. ಎದುರಾಳಿಯನ್ನು ಟೀಕಿಸಿದವರೂ ಇವರೇ. ಸಮಾವೇಶಕ್ಕೆ ಬಂದ ಕೂಡಲೇ ಅದೇ ಎದುರಾಳಿಗೆ ಜೈ ಎನ್ನಬೇಕೆಂದರೆ ಮನಸ್ಸು ಅಷ್ಟು ಸುಲಭವಾಗಿ ಒಪ್ಪೀತೇ?

2008ರಲ್ಲಿ ಒಬಾಮಾ ಮತ್ತು ಹಿಲರಿ ನಡುವಿನ ಅಂತರ ತೀರಾ ಕಡಿಮೆ ಇತ್ತು. ಪ್ರೈಮರಿಗಳಲ್ಲಿ ಗೆದ್ದ ಪ್ರತಿನಿಧಿಗಳ ಬಲವೊಂದರಿಂದಲೇ ಬಹುಮತ ತಲುಪಲು ಇಬ್ಬರಿಗೂ ಆಗಲಿಲ್ಲ. ಸಂಸದರು, ಗವರ್ನರ್‌ಗಳು, ಪಕ್ಷದ ಪದಾಧಿಕಾರಿಗಳಾದ ಸೂಪರ್ ಡೆಲಿಗೇಟ್‌ಗಳ ಬೆಂಬಲದಿಂದ ಜೂನ್ 3ರಂದು ಒಬಾಮಾ ಗೆರೆ ದಾಟಿದರು. ಜೂನ್ 7ರಂದು ಹಿಲರಿ ಕಣದಿಂದ ಹಿಂದೆ ಸರಿದು ಒಬಾಮಾಗೆ ಬೆಂಬಲ ಘೋಷಿಸಿದರು. ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಯೂನಿಟಿ ಎಂಬ ಪುಟ್ಟ ಊರಿನಲ್ಲಿ ಇಬ್ಬರೂ ಒಂದೇ ವೇದಿಕೆ ಏರಿದರು. ಊರಿನ ಹೆಸರಿನ ಅರ್ಥವೇ ಒಗ್ಗಟ್ಟು. ಪ್ರೈಮರಿಯಲ್ಲಿ ಅಲ್ಲಿ ಇಬ್ಬರಿಗೂ ತಲಾ 107 ಮತ ಬಿದ್ದಿದ್ದವು.

ಆದರೂ ಹಿಲರಿ ಬೆಂಬಲಿಗರ ಸಿಟ್ಟು ಇಳಿದಿರಲಿಲ್ಲ. ಹಾಗಾಗಿ ಒಬಾಮಾ ಬಣ ಒಂದು ಮುಖ್ಯ ಮಾತಿಗೆ ಒಪ್ಪಿತು: ಸಮಾವೇಶದಲ್ಲಿ ಹಿಲರಿ ಹೆಸರೂ ಸೂಚನೆಯಾಗಲಿ, ಅವರಿಗೂ ಮತ ಬೀಳಲಿ. ಗೆದ್ದ ಮೇಲೂ ಸೋತವರ ಹೆಸರು ಏಕೆ ಎಂದು ಅವರು ಹಟ ಹಿಡಿಯಲಿಲ್ಲ. ಸಭೆ ಸೇರುವ ಮುನ್ನ ಹಿಲರಿ ತಮ್ಮ ಪ್ರತಿನಿಧಿಗಳನ್ನು ಕರೆದು, ತಾವು ಒಬಾಮಾಗೇ ಮತ ಹಾಕಿರುವುದಾಗಿ ತಿಳಿಸಿ, ಅವರನ್ನು ಬದ್ಧತೆಯಿಂದ ಬಿಡುಗಡೆ ಮಾಡಿದರು. ಹೀಗೆಯೇ ಮತ ಹಾಕಿ ಎಂದು ಆಜ್ಞೆ ಮಾಡಲಿಲ್ಲ. ರಾಜ್ಯಗಳ ಕರೆ ಶುರುವಾದಾಗ ಹಿಲರಿಗೆ ಬಿದ್ದ ನೂರಾರು ಮತಗಳು ಎಲ್ಲರ ಎದುರೇ ದಾಖಲಾದವು. ಧ್ವನಿಮತ ಬಂದದ್ದು ಅದಾದ ಮೇಲೆ.

ಇಡೀ ಪ್ರಕ್ರಿಯೆಯ ಗುಟ್ಟು ಇಲ್ಲಿದೆ. ಸೋತವರ ಮತವನ್ನು ಮೊದಲು ಎಣಿಸಬೇಕು, ಒಗ್ಗಟ್ಟಿನ ಮಾತು ಆಮೇಲೆ. ನಿಮ್ಮ ದುಡಿಮೆ ಲೆಕ್ಕಕ್ಕೆ ಬಂತು ಎಂಬ ಸಮಾಧಾನ ಸಿಕ್ಕರೆ ಪ್ರತಿನಿಧಿ ಮನೆಗೆ ಹೋಗಿ ಮತ್ತೆ ಮತ ಕೇಳಲು ಹೊರಡುತ್ತಾನೆ. ಸಿಗದಿದ್ದರೆ ಕೈಕಟ್ಟಿ ಕೂರುತ್ತಾನೆ. ಚುನಾವಣೆಯ ಹೊತ್ತಿಗೆ ಪಕ್ಷಕ್ಕೆ ಅವನು ಬೇಕೇ ಬೇಕು. ಆ ವರ್ಷ ನವೆಂಬರ್‌ನಲ್ಲಿ ಒಬಾಮಾ ಗೆದ್ದರು. ಮರುವರ್ಷ ಹಿಲರಿ ಅವರ ಸರ್ಕಾರದಲ್ಲೇ ವಿದೇಶಾಂಗ ಕಾರ್ಯದರ್ಶಿಯಾದರು.

ಕೈ ಕುಲುಕಿದರೂ ಕೂಡದ ಮನಸ್ಸು

ಎಲ್ಲ ಸಮಾವೇಶಗಳೂ ಡೆನ್ವರ್‌ನಂತೆ ಮುಗಿಯಲಿಲ್ಲ. 1924ರಲ್ಲಿ ನ್ಯೂಯಾರ್ಕ್‌ನಲ್ಲಿ ಸೇರಿದ ಡೆಮಾಕ್ರಾಟರು ಅಭ್ಯರ್ಥಿಯನ್ನು ಆರಿಸಲು 103 ಸುತ್ತು ಮತ ಹಾಕಬೇಕಾಯಿತು. ಮೂರನೇ ಎರಡರಷ್ಟು ಬಹುಮತ ಬೇಕೆಂಬ ನಿಯಮ ಆಗ ಜಾರಿಯಲ್ಲಿತ್ತು. ಕೊನೆಗೆ ಪ್ರಬಲರಿಬ್ಬರನ್ನೂ ಬಿಟ್ಟು ಜಾನ್ ಡೇವಿಸ್ ಅವರನ್ನು ಒಪ್ಪಿಕೊಂಡರು. ಅದು ದಣಿವಿನಿಂದ ಹುಟ್ಟಿದ ಒಪ್ಪಿಗೆ. ಡೇವಿಸ್ ಸೋತರು.

1976ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ರಿಪಬ್ಲಿಕನ್ ಟಿಕೆಟ್ ಗೆದ್ದದ್ದು 1,187 ಮತಗಳಿಂದ. ರೊನಾಲ್ಡ್ ರೇಗನ್ ಅವರಿಗೆ 1,070 ಮತ. ಫೋರ್ಡ್ ದೊಡ್ಡ ಮನಸ್ಸಿನಿಂದ ರೇಗನ್ ಅವರನ್ನು ವೇದಿಕೆಗೆ ಕರೆದರು. ಆದರೆ ರೇಗನ್ ಮಾತು ಮುಗಿಸುವಷ್ಟರಲ್ಲಿ ಸಭೆಯ ಮನಸ್ಸು ಅವರ ಕಡೆ ವಾಲಿತ್ತು. ನವೆಂಬರ್‌ನಲ್ಲಿ ಫೋರ್ಡ್ ಸೋತರು. ನಾಲ್ಕು ವರ್ಷದ ನಂತರ ರೇಗನ್ ಅಧ್ಯಕ್ಷರಾದರು.

1980ರಲ್ಲಿ ಡೆಮಾಕ್ರಾಟರದ್ದು ಇನ್ನೂ ಕಹಿ ಕಥೆ. ಪ್ರತಿನಿಧಿಗಳು ತಮ್ಮಿಷ್ಟದಂತೆ ಮತ ಹಾಕಲು ಬಿಡಿ ಎಂಬ ಎಡ್ವರ್ಡ್ ಕೆನಡಿ ಬಣದ ಬೇಡಿಕೆಯನ್ನು ಅಧ್ಯಕ್ಷ ಜಿಮ್ಮಿ ಕಾರ್ಟರ್ ಬಣ ಸಂಖ್ಯಾಬಲದಿಂದ ತಳ್ಳಿಹಾಕಿತು. ಕೊನೆಯ ದಿನ ಕೆನಡಿ ವೇದಿಕೆಗೆ ಬಂದರು, ಕೈ ಕುಲುಕಿದರು. ಆದರೆ ಇಬ್ಬರೂ ಕೈ ಹಿಡಿದು ಮೇಲೆತ್ತುವ ಚಿತ್ರಕ್ಕಾಗಿ ಕಾರ್ಟರ್ ಬಣದವರು ಕಾದದ್ದೇ ಬಂತು. ಆ ಚುನಾವಣೆಯಲ್ಲಿ ಕಾರ್ಟರ್ ಗೆದ್ದದ್ದು ಆರು ರಾಜ್ಯ ಮತ್ತು ರಾಜಧಾನಿ ವಾಷಿಂಗ್ಟನ್ ಮಾತ್ರ.

ಸ್ಪರ್ಧೆಯೇ ಇಲ್ಲದ ಒಗ್ಗಟ್ಟು

ಹಾಗಾದರೆ ಸ್ಪರ್ಧೆಯೇ ಬೇಡ, ಎಲ್ಲರೂ ಮೊದಲೇ ಒಂದಾದರೆ ಒಳ್ಳೆಯದಲ್ಲವೇ? 2024 ಈ ಪ್ರಶ್ನೆಗೆ ಒಂದು ಪರೀಕ್ಷೆ. ಜುಲೈ 21ರಂದು ಅಧ್ಯಕ್ಷ ಜೋ ಬೈಡನ್ ಕಣದಿಂದ ಹಿಂದೆ ಸರಿದು ಕಮಲಾ ಹ್ಯಾರಿಸ್ ಹೆಸರು ಸೂಚಿಸಿದರು. ಮರುದಿನ ರಾತ್ರಿಯೊಳಗೆ ಬಹುಮತಕ್ಕೆ ಬೇಕಾದಷ್ಟು ಪ್ರತಿನಿಧಿಗಳು ಅವರ ಹಿಂದೆ ನಿಂತರು. ಶಿಕಾಗೋ ಸಮಾವೇಶಕ್ಕೆ ಮೊದಲೇ, ಆಗಸ್ಟ್ ಆರಂಭದಲ್ಲಿ, ಆನ್‌ಲೈನ್ ಮತದಾನದಲ್ಲಿ ಆಯ್ಕೆಯೂ ಮುಗಿಯಿತು. ಮತ ಹಾಕಿದವರಲ್ಲಿ ಶೇಕಡಾ 99ರಷ್ಟು ಮಂದಿ ಹ್ಯಾರಿಸ್ ಪರ. ಸಮಾವೇಶದಲ್ಲಿ ನಡೆದ ರಾಜ್ಯಗಳ ಕರೆ ಬರೀ ಸಂಭ್ರಮ.

ಆದರೆ ಅಧ್ಯಕ್ಷ ಸ್ಥಾನಕ್ಕೆ ಹ್ಯಾರಿಸ್ ಬೇಕೇ ಎಂದು ಆ ವರ್ಷ ಯಾವ ಪ್ರೈಮರಿಯ ಮತದಾರರನ್ನೂ ಕೇಳಿರಲಿಲ್ಲ. ನವೆಂಬರ್‌ನಲ್ಲಿ ಅವರು ಡೊನಾಲ್ಡ್ ಟ್ರಂಪ್ ಎದುರು ಸೋತರು. ಬೆಲೆಯೇರಿಕೆ, ವಲಸೆ, ಪ್ರಚಾರಕ್ಕೆ ಸಿಕ್ಕ ಅಲ್ಪಾವಧಿ ಎಂದು ಸೋಲಿಗೆ ಕಾರಣಗಳು ಹಲವು. ಸಮಾವೇಶದ ಒಗ್ಗಟ್ಟೊಂದೇ ಚುನಾವಣೆ ಗೆಲ್ಲಿಸದು ಎಂಬುದಂತೂ ಸ್ಪಷ್ಟ. ಇದಕ್ಕೆ ವಿರುದ್ಧ ಉದಾಹರಣೆ 2016ರ ಕ್ಲೀವ್‌ಲ್ಯಾಂಡ್. ಅಲ್ಲಿ ಟೆಡ್ ಕ್ರೂಜ್ ಟ್ರಂಪ್‌ಗೆ ಬೆಂಬಲ ಘೋಷಿಸದೆ, ಆತ್ಮಸಾಕ್ಷಿಯಂತೆ ಮತ ಹಾಕಿ ಎಂದು ಹೇಳಿ ಸಭೆಯ ಧಿಕ್ಕಾರಕ್ಕೆ ಗುರಿಯಾದರು. ಒಡಕು ಎಲ್ಲರಿಗೂ ಕಂಡಿತ್ತು. ಆದರೂ ಟ್ರಂಪ್ ಗೆದ್ದರು.

ಹಾಗೆಂದು ಒಗ್ಗಟ್ಟಿಗೆ ಬೆಲೆಯಿಲ್ಲ ಎಂದಲ್ಲ. ಸ್ಪರ್ಧೆಯಲ್ಲಿ ಸೋತವರು ತಾವಾಗಿ ಕೊಡುವ ಒಪ್ಪಿಗೆಯೇ ಬೇರೆ, ಸ್ಪರ್ಧೆಯೇ ನಡೆಯದೆ ಮೂಡುವ ಒಪ್ಪಿಗೆಯೇ ಬೇರೆ. ಮೊದಲನೆಯದು ಹುಣ್ಣು ಮಾಯ್ದ ಮೇಲೆ ಬಂದದ್ದು. ಎರಡನೆಯದರಲ್ಲಿ ಹುಣ್ಣು ಎಲ್ಲಿದೆ ಎಂಬುದೇ ಯಾರಿಗೂ ತಿಳಿಯುವುದಿಲ್ಲ.

ಎರಡು ಬಾರಿ ಆಯ್ಕೆಯಾಗಿರುವ ಟ್ರಂಪ್ ಮತ್ತೆ ಆಯ್ಕೆಯಾಗಲು ಸಂವಿಧಾನದಲ್ಲಿ ಅವಕಾಶವಿಲ್ಲ. ಹಾಗಾಗಿ 2028ರಲ್ಲಿ ರಿಪಬ್ಲಿಕನ್ನರು ಹೊಸ ಅಭ್ಯರ್ಥಿಯನ್ನು ಹುಡುಕಲೇಬೇಕು. ಡೆಮಾಕ್ರಾಟರ ಪಕ್ಷದಲ್ಲೂ ಅಧಿಕಾರದಲ್ಲಿರುವ ಅಧ್ಯಕ್ಷರಿಲ್ಲ. ಎರಡೂ ಕಡೆ ಸೋಲುವವರು ಹಲವರಿರುತ್ತಾರೆ. ಗೆಲ್ಲುವ ಒಬ್ಬರು ಅವರ ಪ್ರತಿನಿಧಿಗಳ ಮತಗಳನ್ನು ಸಭೆಯ ಎದುರು ಎಣಿಸಲು ಬಿಡುತ್ತಾರೆಯೇ, ಇಲ್ಲ ಗದ್ದಲ ತಪ್ಪಿಸಲೆಂದು ಮುಚ್ಚಿಹಾಕುತ್ತಾರೆಯೇ? ವೇದಿಕೆಯ ಮೇಲಿನ ಕೈಕುಲುಕಾಟಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ.